ಹಿಂದಿನಿಂದ ಮುಂದಕ್ಕೆ ಓದಿದವಳು

ಅಂಟಕ್ಕನ ಬಗ್ಗೆ ಒಳ್ಳೆಯ ಮಾತನ್ನೇ ಬರೆಯಬೇಕೆಂದು ಕೂತಿದ್ದೇನೆ. ಈ ಸಂಕಲ್ಪ ಎಷ್ಟು ಹೊತ್ತು ನಿಲ್ಲುತ್ತದೋ ಗೊತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ: ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟುಕೊಂಡು ಬರೆದರೆ ಅವಳ ಕಥೆಯನ್ನು ಅರ್ಧ ಹೇಳಿದಂತಾಗುತ್ತದೆ, ನನ್ನ ಬಗ್ಗೆ ಪೂರ್ತಿ ಸುಳ್ಳು ಹೇಳಿದಂತಾಗುತ್ತದೆ.

ನಾವಿಬ್ಬರೂ ಒಂದೇ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದವರು. ಕೆಳಗೆ ಅಚ್ಚಿನ ಯಂತ್ರ, ಅದರ ಬದಿಗೆ ಸೀಸದ ಅಕ್ಷರಗಳ ಮೊಳೆ ಜೋಡಿಸುವವರ ಸಾಲು, ಕಿಟಕಿಯ ಪಕ್ಕ ಗಾಜಿನ ಗೂಡಿನಂಥ ಕೋಣೆಯಲ್ಲಿ ನಾನು. ಕರಡು ತಿದ್ದುವುದು ನನ್ನ ಕೆಲಸ. ಕೊಂಬು, ಒತ್ತು, ದೀರ್ಘ ಯಾವುದು ಎಡವಿದರೂ ನನ್ನ ಕೆಂಪು ಪೆನ್ನಿನ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ಬೆನ್ನ ಹಿಂದೆ ನನ್ನನ್ನು ತಪ್ಪಮ್ಮ ಎಂದು ಕರೆಯುತ್ತಾರೆಂದು ಗೊತ್ತಿತ್ತು. ಅದರಲ್ಲಿ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಅಂಟಕ್ಕ ಮೇಲೆ, ಅಟ್ಟದಲ್ಲಿ. ಅಚ್ಚಾದ ಹಾಳೆಗಳನ್ನು ಮಡಿಸುವುದು, ಹೊಲಿಯುವುದು, ಪುಸ್ತಕದ ಬೆನ್ನಿಗೆ ಅಂಟು ಬಳಿಯುವುದು ಅವಳ ಕೆಲಸ. ಬೆರಳ ಸಂದಿಯಲ್ಲಿ ಸದಾ ಒಣಗಿದ ಅಂಟಿನ ಸಿಪ್ಪೆ. ಮಾತಾಡುತ್ತಾ ಅದನ್ನು ಸುಲಿದು ಸಣ್ಣ ಉಂಡೆ ಮಾಡಿ ಕಿಟಕಿಯಿಂದಾಚೆ ಚಿಮ್ಮುವಳು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಹದಿನೇಳನೇ ವಯಸ್ಸಿಗೆ ಈ ಅಟ್ಟ ಹತ್ತಿದವಳು. ಗಂಡ ಲಾರಿ ಓಡಿಸುವವನು. ವಾರಕ್ಕೊಮ್ಮೆ ಬಂದು ಎರಡು ದಿನ ಗೊರಕೆ ಹೊಡೆದು ಹೊರಡುವನು. ಒಬ್ಬಳೇ ಮಗಳು, ಹದಿನಾಲ್ಕು ವರ್ಷ, ಬಾಯಿ ತೆರೆದರೆ ಪ್ರಶ್ನೆ. ನನ್ನ ಪಾಲಿಗೆ ಅಂಟಕ್ಕನೆಂದರೆ ಇಷ್ಟೇ ಆಗಿದ್ದಳು. ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಜೊತೆಯಲ್ಲಿ ಡಬ್ಬಿ ಬಿಚ್ಚುವವಳು, ನನಗಿಂತ ಒಂದು ಮೆಟ್ಟಿಲು ಕೆಳಗೆ ಕೂರುವವಳು. ಅವಳು ಅಲ್ಲಿ ಕೂರುವುದು ನನಗೆ ಸರಿಯಾಗಿಯೇ ಕಾಣುತ್ತಿತ್ತು.

ಅವಳಿಗೆ ಓದುವ ಹುಚ್ಚಿತ್ತು. ಆದರೆ ಓದುವ ರೀತಿ ವಿಚಿತ್ರ. ನಮ್ಮಲ್ಲಿ ಪುಸ್ತಕ ಒಂದೇ ಸಲಕ್ಕೆ ಅಚ್ಚಾಗುತ್ತಿರಲಿಲ್ಲ. ಮೊಳೆ ಸಾಲುತ್ತಿರಲಿಲ್ಲ. ಹದಿನಾರು ಪುಟ ಜೋಡಿಸಿ, ನಾನು ತಿದ್ದಿ, ಅಚ್ಚು ಹಾಕಿ, ಮೊಳೆ ಬಿಚ್ಚಿ, ಅದೇ ಮೊಳೆಯಲ್ಲಿ ಮುಂದಿನ ಹದಿನಾರು. ಆ ಹದಿನಾರು ಪುಟಕ್ಕೆ ಒಂದು ಫಾರಂ ಎನ್ನುವುದು ವಾಡಿಕೆ. ಅಚ್ಚಾದ ಫಾರಮ್ಮಿನ ಕಟ್ಟುಗಳನ್ನು ಅಟ್ಟದಲ್ಲಿ ಒಂದರ ಮೇಲೊಂದು ಪೇರಿಸುತ್ತಿದ್ದರು. ಕೊನೆಗೆ ಬಂದದ್ದು ಮೇಲೆ. ಅಂಟಕ್ಕ ಮಡಿಸುವುದು ಮೇಲಿನಿಂದ. ಹಾಗಾಗಿ ಇಪ್ಪತ್ತು ವರ್ಷ ಅವಳು ಪ್ರತಿಯೊಂದು ಕಾದಂಬರಿಯನ್ನೂ ಕೊನೆಯ ಫಾರಮ್ಮಿನಿಂದ ಮೊದಲನೆಯದಕ್ಕೆ ಓದಿದ್ದಳು. ಕೊಲೆಗಾರ ಸಿಕ್ಕಿಬಿದ್ದ ಮೇಲೆ ಕೊಲೆ. ಮದುವೆಯಾದ ಮೇಲೆ ಪ್ರೇಮ.

"ಹಂಗೆ ಓದಿದ್ರೆ ಏನ್ ಮಜಾ ಇರುತ್ತೆ?" ಎಂದು ಒಮ್ಮೆ ಕೇಳಿದ್ದೆ.

"ಅದ್ರಲ್ಲೇ ಮಜಾ ಅಕ್ಕಾ. ಯಾರು ಮಾಡಿದ್ದು ಅಂತ ನಂಗೆ ಮೊದ್ಲೇ ಗೊತ್ತಿರುತ್ತಲ್ಲ. ಬರೆದೋರು ಅದನ್ನ ಎಲ್ಲೆಲ್ಲಿ ಬಚ್ಚಿಟ್ಟಿದಾರೆ ಅಂತ ನೋಡ್ತಾ ಬರ್ತೀನಿ."

ನಾನು ಮೂಗು ಮುರಿದೆ. ನಾನು ಸಾಹಿತ್ಯದಲ್ಲಿ ಪದವಿ ಮಾಡಿದವಳು. ನನ್ನ ಬೀರುವಿನಲ್ಲಿ ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದ ಒಂದು ಕಾದಂಬರಿಯಿತ್ತು, ಎಂಟುನೂರು ಪುಟ. ನಾಯಕಿ ಇನ್ನೂ ರೈಲಿನಿಂದ ಇಳಿದಿರಲಿಲ್ಲ. ಆದರೂ ಆ ಪ್ರೆಸ್ಸಿನಲ್ಲಿ ಬರವಣಿಗೆ ಅಂತ ಏನಾದರೂ ಗೊತ್ತಿದ್ದರೆ ಅದು ನನಗೊಬ್ಬಳಿಗೆ ಎಂದು ನಂಬಿ ಬದುಕಿದ್ದೆ. ಬದುಕುವುದಕ್ಕೆ ನನ್ನ ಬಳಿ ಬೇರೆ ಏನೂ ಹೆಚ್ಚಿಗೆ ಇರಲಿಲ್ಲ.

ಒಂದು ಮಧ್ಯಾಹ್ನ ಅವಳು ಡಬ್ಬಿಯ ಜೊತೆ ಒಂದು ಕಟ್ಟು ತಂದಳು. ಅಚ್ಚು ಕೆಟ್ಟು ಎಸೆಯುವ ಹಾಳೆಗಳ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದದ್ದು.

"ಅಕ್ಕಾ, ಒಂಚೂರು ನೋಡಿಕೊಡ್ತೀರಾ? ಮಗಳಿಗೆ ಅಂತ ಬರೆದಿದ್ದು. ದೆವ್ವದ ಕಥೆ. ನಗುನೂ ಬರುತ್ತೆ, ಸ್ವಲ್ಪ ಹೆದರಿಕೆನೂ ಆಗುತ್ತೆ."

"ನಂಗೆಲ್ಲಿದೆಯಮ್ಮ ಪುರುಸೊತ್ತು?" ಎಂದೆ. ಪುರುಸೊತ್ತು ಬೇಕಾದಷ್ಟಿತ್ತು. ಅವಳು ಬರೆದಿದ್ದಾಳೆ, ಬರೆದು ಮುಗಿಸಿದ್ದಾಳೆ ಎನ್ನುವುದನ್ನು ಸಹಿಸಲಾಗಲಿಲ್ಲ.

ಅಂಟಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ತನಗೆ ಗೊತ್ತಿದ್ದ ಕೆಲಸ ಮಾಡಿದಳು. ಆ ಹಾಳೆಗಳನ್ನು ಹೊಲಿದು, ರಟ್ಟು ಹಾಕಿ, ಬೆನ್ನಿಗೆ ಕಪ್ಪು ಬಟ್ಟೆ ಅಂಟಿಸಿ, ಯಜಮಾನರು ನೋಡಬೇಕಾದ ಮಾದರಿ ಪುಸ್ತಕಗಳ ನಡುವೆ ಇಟ್ಟುಬಿಟ್ಟಳು. ಯಾರೋ ಗಿರಾಕಿಯದೆಂದು ತೆರೆದ ಯಜಮಾನರು ನಿಂತಲ್ಲೇ ಓದತೊಡಗಿದರು. ಚಹಾ ಆರಿ ಕೆನೆ ಕಟ್ಟಿತು. ಸಂಜೆ ನನ್ನ ಗೂಡಿಗೆ ಬಂದು, "ನಮ್ಮಲ್ಲೇ ಒಬ್ರು ಬರಹಗಾರ್ತಿ ಇದಾರೆ, ಇಷ್ಟು ವರ್ಷ ನಂಗೆ ಗೊತ್ತೇ ಆಗ್ಲಿಲ್ಲ ನೋಡಿ!" ಎಂದರು.

ಒಂದು ಕ್ಷಣ ನನ್ನನ್ನೇ ಹೇಳುತ್ತಿದ್ದಾರೆ ಅಂದುಕೊಂಡೆ. ಕೂದಲು ಸರಿಮಾಡಿಕೊಂಡು ನಾಚಿಕೆಯಿಂದ ನಕ್ಕೆ ಕೂಡ. ಆ ನಗು ನೆನಪಾದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಪುಸ್ತಕ ಅಚ್ಚಿಗೆ ಹೋಯಿತು. ಹನ್ನೆರಡು ಫಾರಂ. ಒಂದೊಂದೇ ಫಾರಮ್ಮಿನ ಕರಡು ನನ್ನ ಮೇಜಿಗೆ ಬರತೊಡಗಿತು. ಮುಂದಿನದನ್ನು ಮೊದಲೇ ತರಿಸಿಕೊಂಡು ಓದುವ ಅಭ್ಯಾಸ ನನಗಿಲ್ಲ. ಕಥೆಯ ಗುಂಗು ಹಿಡಿದರೆ ಕಣ್ಣಿಗೆ ಅಕ್ಷರ ಕಾಣಿಸುವುದಿಲ್ಲ.

ಕಥೆ ಹೀಗೆ. ನಲವತ್ತು ಕೋಣೆಯ ಒಂದು ಹಳೆಯ ಬಂಗಲೆ. ಗಡಿಯಾರಗಳ ಜೊತೆ ಮಾತ್ರ ಮಾತಾಡುವ ಒಬ್ಬ ಮುದುಕ. ಅವನ ಹತ್ತಿರ ಇರಲು ಬಂದ ಹದಿಮೂರು ವರ್ಷದ ಮೊಮ್ಮಗಳು. ಹಜಾರದ ಗೋಡೆಯ ಮೇಲೆ ಸತ್ತ ಹಿರಿಯರ ಚಿತ್ರಗಳು. ವಾರಕ್ಕೊಂದು ಚಿತ್ರ ಕಣ್ಣು ಮುಚ್ಚಿಕೊಳ್ಳುತ್ತಿದೆ! ನಿನ್ನೆಯವರೆಗೆ ದುರುಗುಟ್ಟಿ ನೋಡುತ್ತಿದ್ದ ಮುತ್ತಾತ ಇವತ್ತು ನಿದ್ದೆಯಲ್ಲಿದ್ದಾನೆ. ಮಾಡುತ್ತಿರುವವರು ಯಾರು? ಬೀಗ ಹಾಕಿದ ಮಹಡಿಯ ಕೋಣೆಯಲ್ಲಿ ಏನಿದೆ? ಜೊತೆಗೆ ನೂರು ವರ್ಷದ ಹಿಂದೆ ಸತ್ತ ಒಬ್ಬ ಹುಡುಗಿಯ ದೆವ್ವ. ಅದಕ್ಕೆ ಕತ್ತಲೆ ಕಂಡರೆ ಭಯ. ಯಾರ ಕೋಣೆಗಾದರೂ ಬರುವ ಮೊದಲು ಕೆಮ್ಮಿ ಸೂಚನೆ ಕೊಡುವಷ್ಟು ಮರ್ಯಾದಸ್ಥ ದೆವ್ವ.

ಎರಡನೇ ಫಾರಮ್ಮಿಗೇ ನಕ್ಕುಬಿಟ್ಟೆ. ತಕ್ಷಣ ಸುತ್ತ ನೋಡಿದೆ, ಯಾರಾದರೂ ಕಂಡರೇನೋ ಎಂದು. ನಗು ಬಂದದ್ದಕ್ಕೇ ಅವಳ ಮೇಲೆ ಸಿಟ್ಟು ಬಂತು. ಆ ಪುಟದಲ್ಲಿ ಬೇಕೆಂದೇ ಹನ್ನೊಂದು ಅಲ್ಪವಿರಾಮ ಹಾಕಿದೆ.

ಮೂರನೇ ಫಾರಮ್ಮಿನಲ್ಲಿ ಆ ಹುಡುಗಿ ಎಲ್ಲರ ಕಣ್ಣೆದುರೇ ಮಹಡಿಯ ಕೋಣೆಯ ಕೀಲಿಯನ್ನು ಬಾವಿಗೆ ಎಸೆಯುತ್ತಾಳೆ. ಇರುವುದೊಂದೇ ಕೀಲಿ ಎಂದು ಅಂಟಕ್ಕ ಮೂರು ಕಡೆ ಹೇಳಿದ್ದಾಳೆ. 'ಎಲ್ಲರೂ ಬಗ್ಗಿ ನೋಡಿದರು. ನೀರು ಅಲುಗಲಿಲ್ಲ' ಎಂದು ಬರೆದಿದ್ದಳು. ಬಾವಿಗೆ ಕೀಲಿ ಬಿದ್ದರೆ ನೀರು ಅಲುಗುವುದಿಲ್ಲವೇ? ಇವಳಿಗೆ ಅಷ್ಟೂ ಬರೆಯಲು ಬರುವುದಿಲ್ಲ ಎಂದು ಖುಷಿಪಟ್ಟೆ.

ಒಂಬತ್ತನೆಯದರಲ್ಲಿ ನನಗೆ ನಿಧಿ ಸಿಕ್ಕಿತು. ಹುಡುಗಿ ಜೇಬಿನಿಂದ ಅದೇ ಕೀಲಿ ತೆಗೆದು ಕೋಣೆ ತೆರೆಯುತ್ತಾಳೆ. ಬಾವಿಯಲ್ಲಿರುವ ಕೀಲಿ! ಅಂಟಕ್ಕ ಮರೆತೇಬಿಟ್ಟಿದ್ದಳು. ಇಡೀ ಕಥೆ ನಿಂತಿರುವುದೇ ಆ ಬೀಗದ ಮೇಲೆ. ಹದಿನಾಲ್ಕು ವರ್ಷದ ಮಕ್ಕಳು ಸುಮ್ಮನೆ ಬಿಡುತ್ತಾರೆಯೇ? ಓದಿ, ತೋರಿಸಿ, ಬಿದ್ದು ಬಿದ್ದು ನಗುತ್ತಾರೆ.

ಇಂಥ ಕಡೆ ಅಂಚಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕುವುದು ನನ್ನ ಕೆಲಸದ ಧರ್ಮ. ಬರೆದವರು ನೋಡಿ ಸರಿಮಾಡಿಕೊಳ್ಳುತ್ತಾರೆ. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ನನಗೆ ಸಂಬಳ ಕೊಡುವುದು ಅಕ್ಷರ ನೋಡುವುದಕ್ಕೆ, ಅವಳ ಕಥೆ ಕಾಯುವುದಕ್ಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ಕೊಂಬು ತಿದ್ದಿ ಸಹಿ ಹಾಕಿ ಕಳಿಸಿದೆ. ಮಧ್ಯಾಹ್ನದೊಳಗೆ ಯಂತ್ರ ಓಡತೊಡಗಿತು.

ಊಟಕ್ಕೆ ಕೂತಾಗ ಅಂಟಕ್ಕ ಮೆಲ್ಲಗೆ ಕೇಳಿದಳು. "ಒಂಬತ್ತನೇ ಫಾರಂ ನೋಡಿದ್ರಾ ಅಕ್ಕಾ?"

"ನೋಡಿದೆ."

"ಏನೂ ಕೇಳ್ಬೇಕು ಅನ್ನಿಸ್ಲಿಲ್ವಾ?"

"ಎರಡು ಕೊಂಬು ತಪ್ಪಿತ್ತು. ತಿದ್ದಿದೀನಿ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ತುಂಬಾ ಸಂತೋಷದಿಂದ ನಕ್ಕಳು. ಪಾಪ, ಪೆದ್ದಿ, ಅಂದುಕೊಂಡೆ.

ಹನ್ನೆರಡನೇ ಫಾರಂ ಬಂದಾಗ ಪೆನ್ನಿನ ಮುಚ್ಚಳ ತೆಗೆಯುವುದನ್ನೂ ಮರೆತು ಓದಿದೆ. ಬಾವಿಗೆ ಕೀಲಿ ಎಸೆದವಳು ಆ ಹುಡುಗಿಯೇ ಆಗಿರಲಿಲ್ಲ. ಅವಳ ಬಟ್ಟೆ ತೊಟ್ಟ ದೆವ್ವ. ಸತ್ತವರು ಎಸೆದದ್ದು ಎಲ್ಲಿಗೂ ಬೀಳುವುದಿಲ್ಲ, ಹೊರಟ ಜೇಬಿಗೇ ವಾಪಸು ಬರುತ್ತದೆ. ಅದಕ್ಕೇ ನೀರು ಅಲುಗಲಿಲ್ಲ. ಮೂರನೆಯದರಿಂದ ಒಂಬತ್ತನೆಯದರವರೆಗೆ ಆ ಮನೆಯಲ್ಲಿ ಇಬ್ಬರು ಹುಡುಗಿಯರು ಸರದಿಯ ಮೇಲೆ ಒಬ್ಬಳಾಗಿ ಓಡಾಡಿದ್ದರು. ಚಿತ್ರಗಳಿಗೆ ರೆಪ್ಪೆ ಬರೆಯುತ್ತಿದ್ದದ್ದೂ ದೆವ್ವವೇ. ನೂರು ವರ್ಷದಿಂದ ನೆಂಟರೆಲ್ಲ ದಿಟ್ಟಿಸಿ ನೋಡುತ್ತಿದ್ದರೆ ಪಾಪದ ಹುಡುಗಿಗೆ ನಿದ್ದೆ ಬರುವುದಾದರೂ ಹೇಗೆ?

ಇಂಗು ತಿಂದ ಮಂಗನಂತೆ ಕೂತೆ. ಹಿಂದಿನಿಂದ ಮುಂದಕ್ಕೆ ಓದಿ ಬೆಳೆದವಳು ಹಿಂದಿನಿಂದಲೇ ಕಥೆ ಹೆಣೆದಿದ್ದಳು. ಮುಂದಿನಿಂದ ಓದಿಕೊಂಡು ಬಂದ ನಾನು ಗುಂಡಿಗೆ ಬಿದ್ದಿದ್ದೆ. ನನ್ನ ಕಣ್ಣಿಗೆ ತಪ್ಪು ಕಂಡ ಜಾಗವೇ ಪುಸ್ತಕದ ಜೀವ. ನಾನು ಮಾಡಿದ ಕೇಡಿನಿಂದ ಅವಳಿಗೆ ಕೂದಲೂ ಕೊಂಕಿರಲಿಲ್ಲ. ಕೇಡು ಮಾಡುವುದರಲ್ಲೂ ನಾನು ಸೋತಿದ್ದೆ. ಯಾರಿಗೂ ಗೊತ್ತಿಲ್ಲವಲ್ಲ ಎಂಬುದೊಂದೇ ಸಮಾಧಾನ.

ಆ ಸಮಾಧಾನ ಎರಡೇ ದಿನ. ಪುಸ್ತಕದ ಮೊದಲ ಪುಟಗಳನ್ನು ನಾವು ಎಲ್ಲದಕ್ಕಿಂತ ಕೊನೆಗೆ ಅಚ್ಚು ಹಾಕುತ್ತೇವೆ. ಅದರ ಕರಡಿನಲ್ಲಿ ಅರ್ಪಣೆಯ ಪುಟವಿತ್ತು. 'ಕೀಲಿಯ ಗುಟ್ಟು ತಿಳಿದೂ ಯಾರಿಗೂ ಬಾಯಿಬಿಡದ, ಕರಡು ತಿದ್ದುವ ನಮ್ಮ ಅಕ್ಕನಿಗೆ.'

ಪುಟ ತಂದುಕೊಟ್ಟ ಮೊಳೆ ಜೋಡಿಸುವ ಅಣ್ಣ ಹೇಳಿದ, "ಕೀಲಿ ಬಾವೀಲಿದೆಯಲ್ಲಮ್ಮ ಅಂತ ನಾನೂ ಕೇಳಿದೆ, ಅವಳ ಮಗಳೂ ಕೇಳಿದಳಂತೆ. ನೀವೊಬ್ರೇ ಕೇಳದೆ ಇದ್ದಿದ್ದು. ಓದೋದು ಅಂದ್ರೆ ಅಕ್ಕನ ಥರ ಓದ್ಬೇಕು ಅಂತ ಅಂಟಕ್ಕ ಹೇಳ್ಕೊಂಡು ಓಡಾಡ್ತಿದಾಳೆ."

ಇಪ್ಪತ್ತಾರು ವರ್ಷದಲ್ಲಿ ನನ್ನ ಕೈ ದಾಟಿ ಹೋದ ಪುಸ್ತಕಗಳಿಗೆ ಲೆಕ್ಕವಿಲ್ಲ. ಒಂದರಲ್ಲೂ ನನ್ನ ಸುಳಿವಿಲ್ಲ. ಈಗ ಮೊದಲ ಸಲ ಒಂದು ಪುಟದಲ್ಲಿ ನಾನಿದ್ದೆ. ಸಹಿ ಹಾಕಿದರೆ ಮುಗಿಯಿತು, ಜಾಣೆ ಅನ್ನಿಸಿಕೊಂಡು ಅಚ್ಚಿನಲ್ಲಿ ಉಳಿಯುತ್ತೇನೆ. ಆ ಸಾಲಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಸಾಲು ಮಾತ್ರ ಸುಳ್ಳಾಗಿತ್ತು. ಅದನ್ನು ಬಲ್ಲವಳು ನಾನೊಬ್ಬಳೇ. ಊಟದ ಹೊತ್ತಿನವರೆಗೂ ಸಹಿ ಹಾಕದೆ ಪುಟವನ್ನು ಮುಂದಿಟ್ಟುಕೊಂಡು ಕೂತೆ.

ಪುಟ ಹಿಡಿದುಕೊಂಡು ಅಟ್ಟ ಹತ್ತಿದೆ. ಅಂಟಕ್ಕ ಪುಸ್ತಕಗಳ ಬೆನ್ನಿಗೆ ಅಂಟು ಬಳಿಯುತ್ತಿದ್ದಳು.

"ಇದು ತಪ್ಪು," ಎಂದೆ.

"ಯಾವ ಅಕ್ಷರ ಅಕ್ಕಾ?"

"ಅಕ್ಷರ ಸರಿಯಾಗಿದೆ. ಸಾಲೇ ತಪ್ಪು. ನಂಗೆ ಯಾವ ಗುಟ್ಟೂ ತಿಳೀಲಿಲ್ಲ. ಕೀಲಿ ಬಾವೀಲಿದೆ ಅನ್ನೋದನ್ನ ನೀನು ಮರೆತಿದೀಯ ಅಂದ್ಕೊಂಡೆ."

ಅವಳ ಕಣ್ಣು ಅರಳಿತು. "ಅಯ್ಯೋ! ನಿಮಗೂ ಗೊತ್ತಾಗ್ಲಿಲ್ವಾ? ನಿಮಗೇ?" ಎಂದು ಕುಂಚ ಹಿಡಿದ ಕೈಯಲ್ಲೇ ತೊಡೆ ತಟ್ಟಿಕೊಂಡು ನಕ್ಕಳು. ಅಂಟು ನೆಲಕ್ಕೆಲ್ಲ ಚೆಲ್ಲಿತು. "ನಿಮಗೇ ಗೊತ್ತಾಗ್ಲಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತಾಗುತ್ತೆ!" ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ತಾನಾಗಿ ಇಳಿಯಿತು.

"ಮತ್ತೆ... ತಪ್ಪು ಅಂತ ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ನೀವು?"

"ಹೊಟ್ಟೆಕಿಚ್ಚು," ಎಂದೆ.

"ಮಕ್ಕಳೆಲ್ಲ ಓದಿ ನನ್ನ ನೋಡಿ ನಗ್ಲಿ ಅಂತಾನಾ?"

"ಹೌದು."

ಯಂತ್ರದ ಸದ್ದು ಕೆಳಗಿನಿಂದ ಬರುತ್ತಲೇ ಇತ್ತು. ಅವಳು ನನ್ನ ಕೈಯಿಂದ ಪುಟ ತೆಗೆದುಕೊಂಡು ಪಕ್ಕದಲ್ಲಿ ಬೋರಲಾಗಿಟ್ಟಳು. "ಹೋಗಿ ಅಕ್ಕಾ. ಅಂಟು ಒಣಗ್ತಿದೆ," ಎಂದಳು. ಮುಖ ಎತ್ತಲಿಲ್ಲ.

ಮೂರು ದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಉಂಡೆ. ನನಗಿಂತ ಕೆಳಗಿನ ಮೆಟ್ಟಿಲು ಖಾಲಿಯಿರುವುದನ್ನು ನೋಡಲಾಗದೆ ಮೂರನೇ ದಿನ ನಾನೇ ಅಲ್ಲಿ ಇಳಿದು ಕೂತೆ. ಅವಳು ಬರಲಿಲ್ಲ.

ನಾಲ್ಕನೇ ದಿನ ಅರ್ಪಣೆಯ ಪುಟ ಹೊಸದಾಗಿ ಜೋಡಿಸಿ ಬಂತು. ಹಳೆಯ ಸಾಲು ಹೋಗಿತ್ತು. ಅದರ ಜಾಗದಲ್ಲಿ, 'ಯಾರಿಗೂ ಬಾಯಿಬಿಡದೆ ಮೋಸಹೋದ ನಮ್ಮ ಅಕ್ಕನಿಗೆ' ಎಂದಿತ್ತು.

ಮೂರು ಸಲ ಓದಿದೆ. ತಿದ್ದುವುದಕ್ಕೆ ಏನೂ ಸಿಗಲಿಲ್ಲ. ಇಷ್ಟು ಸರಿಯಾದ ಸಾಲು ನನಗೇಕೆ ಹೊಳೆಯುವುದಿಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು. ಕೆಳಗೆ 'ಅಚ್ಚಿಗೆ ಹೋಗಲಿ' ಎಂದು ಬರೆದು ಸಹಿ ಹಾಕಿ ಕೊಟ್ಟೆ.