ಸಂತೆಯ ಮಾತು ಕಚೇರಿಯಲ್ಲಿ

ಈ ಪಾಠಕ್ಕೆ ನಾವು ತೆತ್ತ ಬೆಲೆ ಒಂದು ಜಾಮೀನು. ಕಾರಣ, ಕುರಿ ಸಂತೆಯಲ್ಲಿ ಆಡುವ ಮಾತನ್ನು ಪೊಲೀಸರ ಮುಂದೆ ಆಡಿದ್ದು. ಜೈಲಿನಲ್ಲಿದ್ದವನು ನನ್ನ ಸೋದರಮಾವನ ಮಗ, ನನಗೆ ಭಾವ. ಪೇಟೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ. ಮಾತು ಆಡಿದವನು ಅವನ ಅಪ್ಪ.

ಮಾವ ಗಡಿಯಾಚೆ ಮಹಾರಾಷ್ಟ್ರದ ಜತ್ತದ ಸಂತೆಯಲ್ಲಿ ಕುರಿ ವ್ಯಾಪಾರಿ. ನಾನು ಬರಿಗೈಯಲ್ಲಿ ಬಂದು ನಾಲ್ಕು ಜನರಲ್ಲಿ ನಿಲ್ಲುವಂತಾದದ್ದು ಅವನ ಹತ್ತಿರ ಕಲಿತೇ. ನಮ್ಮಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ತಿಳಿಸುತ್ತಾರೆ. ಬಾಯಿ ಇರುವುದು ಮಾಲನ್ನು ಹೀಗಳೆಯುವುದಕ್ಕೆ. ಕುರಿ ಮನಸ್ಸಿಗೆ ಎಷ್ಟು ಬಂದಿದೆಯೋ ಅಷ್ಟು ಬೈಯಬೇಕು: ಕುಂಟು, ಹಲ್ಲು ಹೋಗಿದೆ, ಹಿಂಡಿನಲ್ಲಿ ನಿಲ್ಲುವುದಿಲ್ಲ. ಬೈದಷ್ಟೂ ಮಾರುವವನ ಪಟ್ಟು ಸಡಿಲಾಗುತ್ತದೆ.

ಭಾವ ಆ ಟವೆಲ್ ನೋಡುತ್ತಲೇ ಬೆಳೆದವನು. ದೊಡ್ಡವನಾದ ಮೇಲೆ ಅದನ್ನೇ ಬರೆದ. ಸರ್ಕಾರಿ ಕಾಮಗಾರಿಯ ಕೂಲಿಯೂ ಟವೆಲಿನ ಕೆಳಗೇ ತೀರ್ಮಾನವಾಗುತ್ತದೆ, ಕಲ್ಲು ಒಡೆಯುವವನಿಗೆ ಮಾತ್ರ ತಿಳಿಯುವುದಿಲ್ಲ ಎಂದು. ಬರೆದು ಸುಮ್ಮನಿದ್ದರೆ ಆಗುತ್ತಿತ್ತು. ರಜೆಯಲ್ಲಿ ದರಿಬಡಚಿ, ಅಸಂಗಿ ಎಂದು ಊರೂರು ತಿರುಗಿ, ಕೂಲಿಯವರನ್ನು ಕರೆತಂದು ಸರ್ಕಾರಿ ಕಚೇರಿಯ ಮುಂದೆ ಕೂಡಿಸಿದ. "ಟವೆಲ್ ತಗೀರಿ!" ಎಂದು ಎಲ್ಲರೂ ಕೂಗಿದರು.

"ಭಾವಾ, ನಿನ್ನ ಪಗಾರ ಚಾಲೂ ಐತಿ. ಮಂದಿ ಕೂಲಿ ಕಟಗೊಂಡು ನಿನಗೇನು?" ಎಂದಿದ್ದೆ.

"ನೀ ಟವೆಲ್ ಒಳಗಿನ ಮನಷ್ಯಾ. ನಿನಗ ತಿಳಿಯಂಗಿಲ್ಲ" ಎಂದು ನಕ್ಕಿದ್ದ.

ಆ ಬೇಸಿಗೆಯಲ್ಲೇ ಹಿಡಿದುಕೊಂಡು ಹೋದರು. ಸರ್ಕಾರದ ವಿರುದ್ಧ ಜನರನ್ನು ಎತ್ತಿಕಟ್ಟಿದ ಎಂಬ ಕೇಸು.

ಜಾಮೀನಿಗೆ ಅರ್ಜಿ ಹಾಕಿದ ಮೇಲೆ ಪೊಲೀಸರು ಮಾವನನ್ನು ವಿಚಾರಣೆಗೆ ಕರೆದರು. ನಾನು ಜೊತೆಗೆ ಹೋದೆ. ಹೆತ್ತ ಅಪ್ಪ ಮಾತಾಡಲು ವಕೀಲ ಯಾಕೆ ಎಂದು ವಕೀಲರಿಗೆ ಹೇಳಲೂ ಇಲ್ಲ. ಠಾಣೆಯ ಸಾಹೇಬರದು ನಯವಾದ ಮಾತು.

"ಬರ್ರಿ ಯಜಮಾನ್ರ, ಕುಂದ್ರಿ. ಚಾ ತಗೋರಿ. ನಿಮ್ಮ ಮಗ ಹೆಂಗ್ರಿ?"

ಮಾವ ಹೆಗಲ ಮೇಲಿನ ಟವೆಲ್ ಎಳೆದು ಮೊಣಕಾಲ ಮೇಲೆ ಹಾಸಿಕೊಂಡ. ವ್ಯಾಪಾರಕ್ಕೆ ಇಳಿದ ಎಂದು ನನಗೆ ಆಗಲೇ ತಿಳಿಯಿತು.

"ಯಾತಕ್ಕೂ ಬಾರದಾಂವ ಸಾಹೇಬ್ರ. ಯಾರ ಮಾತೂ ಕೇಳಂಗಿಲ್ಲ. ಬ್ಯಾಡ ಅಂದಲ್ಲೇ ಹೋಗತಾನ. ಕಟ್ಟಿದ್ರ ಹಗ್ಗ ಹರಕೊಂಡು ಹೋಗಾಂವ. ಇಂಥಾ ಮಾಲು ಇಟಗೊಂಡು ನೀವೇನ ಮಾಡ್ತೀರಿ? ನಮಗ ಕೊಟ್ಟಬಿಡ್ರಿ."

ಪಕ್ಕದಲ್ಲಿದ್ದವನು ಮರಾಠಿಯಲ್ಲಿ ಬರೆದುಕೊಂಡ. ನನಗೆ ಮರಾಠಿ ಬರುತ್ತದೆ, ಓದಿ ನೋಡಿದೆ. ಕೊನೆಯ ಮಾತೊಂದನ್ನು ಬಿಟ್ಟಿದ್ದ, ಉಳಿದದ್ದೆಲ್ಲ ಮಾವ ಹೇಳಿದಂತೆಯೇ ಇತ್ತು. ಮಾವ ಹೆಬ್ಬೆಟ್ಟು ಒತ್ತಿದ.

ಹೊರಗೆ ಬಂದು ನನ್ನ ಬೆನ್ನಿಗೆ ಗುದ್ದಿದ. "ನೋಡಿದಿ ಅಳಿಯಾ? ಸಾಹೇಬ ಒಂದ್ ಮಾತೂ ಅಡ್ಡ ಆಡಲಿಲ್ಲ. ಮೆತ್ತಗಾಗ್ಯಾನ."

"ಆಗ್ಯಾನ್ರಿ ಮಾಮಾ. ಬರೂ ಸಂತಿ ಒಳಗ ಭಾವ ಮನಿಗಿ ಬರತಾನ" ಎಂದೆ. ಸುಮ್ಮನೆ ಸಮಾಧಾನಕ್ಕೆ ಹೇಳಿದ್ದಲ್ಲ. ಆ ಕುರ್ಚಿಯಲ್ಲಿ ನಾನು ಕೂತಿದ್ದರೂ ಅದನ್ನೇ ಹೇಳುತ್ತಿದ್ದೆ.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ಅದೇ ಕಾಗದ ಎತ್ತಿ ಓದಿದರು. ಹೆತ್ತ ತಂದೆಯೇ ಹೇಳುತ್ತಾನೆ, ಇವನು ಕಟ್ಟಿದರೂ ನಿಲ್ಲುವವನಲ್ಲ. ಬಿಟ್ಟರೆ ಮತ್ತೆ ಸಿಗುತ್ತಾನೆಯೇ? ಮಾವ ನನ್ನ ತೋಳು ಹಿಡಿದು ಕೇಳಿದ: "ಯಾರ ಮಾತು ಅದು, ನಂದೇನು?" ಜಾಮೀನು ಸಿಗಲಿಲ್ಲ.

ನಮ್ಮಿಬ್ಬರನ್ನು ಬಿಟ್ಟರೆ ಇಡೀ ಕೋರ್ಟಿನಲ್ಲಿ ಆ ಮಾತಿನ ಅರ್ಥ ತಿಳಿದವನು ಭಾವ ಒಬ್ಬನೇ. ಪೊಲೀಸರು ಕರೆದೊಯ್ಯುವಾಗ ತಿರುಗಿ ನಕ್ಕ. "ಅಪ್ಪಾ, ಭಾಳ ಬೈದಿ ನೋಡು! ಅಷ್ಟ ಬೇಕಾಗಿದ್ದೆ ಏನು ನಾ?"

ಕೇಸು ವರುಷಗಟ್ಟಲೆ ಎಳೆಯಿತು. ಕಾಲೇಜಿನ ಕೆಲಸ ಹೋಯಿತು. ಅವನ ಜೊತೆ ಕೂಗಿದವರು ಕಬ್ಬು ಕಡಿಯಲು ದೂರ ಹೋದರು. ಕೂಲಿ ಟವೆಲಿನ ಕೆಳಗೇ ಉಳಿಯಿತು. ಮಾವ ಸಂತೆಗೆ ಬರುತ್ತಿದ್ದ, ಆದರೆ ಕುರಿಯ ಮುಂದೆ ನಿಂತರೆ ಬೈಗುಳ ಬಾಯಿಗೆ ಬರುತ್ತಿರಲಿಲ್ಲ. "ಚಲೋ ಐತಿ" ಎನ್ನುತ್ತಿದ್ದ. ಹಾಗೆಂದವನಿಗೆ ಯಾರು ದರ ಇಳಿಸುತ್ತಾರೆ? ಹುಡುಗರು ನಕ್ಕರು. ಆಮೇಲೆ ಬರುವುದನ್ನೇ ಬಿಟ್ಟ. ವಯಸ್ಸಾಗಿ ಕಣ್ಣೂ ಹೋಗುತ್ತಾ ಬಂತು. ಕೊನೆಯ ಸಲ ಜೈಲಿಗೆ ಕರೆದೊಯ್ದಾಗ ಜಾಲರಿಯ ಆಚೆ ನಿಂತದ್ದು ಯಾರೆಂದು ಅವನಿಗೆ ಕಾಣಲಿಲ್ಲ, ಕೈ ಚಾಚಿದ. ಜಾಲರಿ ಎಂಥದೆಂದರೆ ಬೆರಳ ತುದಿಯೂ ಆಚೆ ಹೋಗದು. ಅದಾಗಿ ಸ್ವಲ್ಪ ದಿನಕ್ಕೆ ಮಾವ ತೀರಿಹೋದ. ಭಾವ ಇನ್ನೂ ಒಳಗಿದ್ದ.

ನಿಮ್ಮವರು ಯಾರಾದರೂ ಹೀಗೆ ಒಳಗಿದ್ದರೆ, ವಕೀಲರಿಲ್ಲದೆ ಅಂಥ ಕಚೇರಿಯ ಮೆಟ್ಟಿಲು ಹತ್ತಬೇಡಿ. ಚಹಾ ಕೊಟ್ಟರೆ ಕುಡಿಯಿರಿ, ಬಾಯಿ ತೆರೆಯುವುದು ಅದಕ್ಕಷ್ಟೇ ಇರಲಿ. ಬರೆದುಕೊಂಡದ್ದು ನೀವು ಹೇಳಿದಂತೆ ಇದೆಯೋ ಎಂದು ನೋಡಿದರೆ ಸಾಲದು. ನಿಮ್ಮ ಪರಿಚಯವಿಲ್ಲದವರು ಓದಿದರೆ ಏನು ತಿಳಿದುಕೊಂಡಾರು ಎಂದೂ ನೋಡಿ. ಮಗ ಒಳ್ಳೆಯವನಿದ್ದರೆ ಒಳ್ಳೆಯವನೆಂದೇ ಹೇಳಿ. ಇಷ್ಟು ಮಾಡಿದರೆ ಬಿಡುತ್ತಾರೆಂದು ನಾನು ಹೇಳಲಾರೆ. ಮುದುಕರಿದ್ದರೆ, ಕಣ್ಣು ಕಾಣುತ್ತಿರುವಾಗಲೇ ಭೇಟಿಗೆ ಕರೆದುಕೊಂಡು ಹೋಗಿ.