ಶುಕ್ರವಾರ ಕಳಿಸದ ಕಂತು

ತೆರಕಣಾಂಬಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಸುಧಾಮಣಿಗೆ ನಲವತ್ತೇಳು ವರ್ಷ. ಹೊಲಿಗೆಯ ಜೊತೆಗೆ ಅವರಿಗೆ ಇನ್ನೊಂದು ಕೆಲಸವಿದೆ: ಸಾಲಕ್ಕೆ ಸಾಕ್ಷಿ ನಿಲ್ಲುವುದು. ಮೊದಲು ಬಾಯಿಮಾತಿನಲ್ಲೇ ನಿಲ್ಲುತ್ತಿದ್ದರು. ಎಂಟು ವರ್ಷದ ಹಿಂದೆ ಇಬ್ಬರು ನೆಂಟರು ಅವರ ಮಾತನ್ನೇ ಅಲ್ಲಗಳೆದು ಬೀದಿಯಲ್ಲಿ ಕೂಗಾಡಿದ ಮೇಲೆ ಬಿಟ್ಟುಬಿಟ್ಟಿದ್ದರು.

ಮೂರು ವರ್ಷದ ಹಿಂದೆ ತಾಲ್ಲೂಕಿನ ಕೆಲವರು ಸೇರಿ ಕೈಸಾಲದ ಕೂಟವೊಂದನ್ನು ಕಟ್ಟಿದರು. ನಡುವೆ ಬ್ಯಾಂಕಿಲ್ಲ; ಉಳಿಸಿದವರು ಬೇಕಾದವರಿಗೆ ನೇರವಾಗಿ ಕೊಡುತ್ತಾರೆ. ಕೊಟ್ಟದ್ದು, ಕಟ್ಟಿದ್ದು ಎಲ್ಲವೂ ಬ್ಲಾಕ್‌ಚೈನ್ ದಾಖಲೆಗೆ ಸೇರುತ್ತದೆ. ಒಂದಕ್ಕೊಂದು ಕೊಂಡಿ ಹಾಕಿಕೊಂಡ ಆ ನಮೂದುಗಳ ಪ್ರತಿ ಹಲವು ಕಂಪ್ಯೂಟರುಗಳಲ್ಲಿ ಒಟ್ಟಿಗೇ ಇರುವುದರಿಂದ ಯಾರೊಬ್ಬರೂ ಅವನ್ನು ಅಳಿಸಲಾರರು, ತಿದ್ದಲಾರರು. ಪ್ರತಿ ಸಾಲಕ್ಕೂ ಒಬ್ಬ ಸಾಕ್ಷಿ ಫೋನಿನಲ್ಲಿ ಒಪ್ಪಿಗೆ ಒತ್ತಬೇಕು. ಸುಧಾಮಣಿ ಮತ್ತೆ ಸಾಕ್ಷಿಯಾದರು. ಸಾಕ್ಷಿಯ ಸಂಭಾವನೆಯೆಂದು ತಿಂಗಳಿಗೆ ಎರಡು ಸಾವಿರದ ಹತ್ತಿರ ಬರುತ್ತಿತ್ತು.

ಇಡ್ಲಿ ಗಾಡಿಯ ಪುಟ್ಟಮಾದಮ್ಮ, ಸುಧಾಮಣಿಯೇ ಸಾಕ್ಷಿ ನಿಂತಿದ್ದ ಕೂಟದ ಸಾಲವೊಂದನ್ನು ಕಳೆದ ವರ್ಷ ಹನ್ನೆರಡು ಕಂತಿನಲ್ಲಿ ತೀರಿಸಿದ್ದರು. ಈ ಫೆಬ್ರವರಿಯಲ್ಲಿ ದೊಡ್ಡ ಗ್ರೈಂಡರ್‌ಗೆಂದು ನಲವತ್ತು ಸಾವಿರ ಕೇಳಿದರೆ ಯಾರೂ ಮುಂದೆ ಬರಲಿಲ್ಲ. ಅವರ ಹೆಸರಿನ ಮುಂದೆ ‘ಮೂರು ಕಂತು ತಡ’ ಎಂದು ಕಾಣುತ್ತಿತ್ತು. ಸೌಟು ಹಿಡಿದುಕೊಂಡೇ ಅವರು ಸುಧಾಮಣಿಯ ಬಾಗಿಲಿಗೆ ಬಂದರು.

“ನಾ ಯಾವತ್ ತಡ ಮಾಡುದ್ನಮ್ಮಿ? ಗಡುವಿನ್ ಹಿಂದಿನ್ ದಿನ್ವೇ ತಂದು ನಿನ್ ಕೈಗ್ ಎಣ್ಸಿಲ್ವಾ?”

“ಕೂತ್ಕೊ ಅಕ್ಕ, ನೋಡ್ತೀನಿ.”

“ಕೂರಕ್ ಬಂದಿಲ್ಲ ಕಣಮ್ಮಿ. ಹಳೆ ಗ್ರೈಂಡರ್ ಸುಟ್ಟೋಗದೆ. ಒಳಕಲ್ ತಿರುಗ್ಸಿ ತಿರುಗ್ಸಿ ತೋಳ್ ಬಿದ್ದೋಯ್ತು. ಇನ್ನೊಂದ್ ತಿಂಗ್ಳು ಹಿಂಗೇ ಆದ್ರೆ ಗಾಡಿ ಮುಚ್ಚೋದೇಯ!”

ಪುಟ್ಟಮಾದಮ್ಮನ ಬಳಿ ಇರುವುದು ಸಾದಾ ಫೋನ್. ಅವರು ನಗದು ತಂದುಕೊಟ್ಟರೆ, ಸುಧಾಮಣಿ ಗಡುವಿನ ದಿನವಾದ ಹತ್ತನೇ ತಾರೀಖು ತಮ್ಮ ಫೋನಿನಿಂದ ಕಳಿಸುತ್ತಿದ್ದರು. ತಡವಾದ ಮೂರು ತಾರೀಖುಗಳನ್ನು ಹಳೆಯ ಕ್ಯಾಲೆಂಡರಿನಲ್ಲಿ ಹುಡುಕಿದರು. ಜನವರಿ ಹತ್ತು, ಶುಕ್ರವಾರ. ಜೂನ್ ಹತ್ತು, ಮಂಗಳವಾರ. ಅಕ್ಟೋಬರ್ ಹತ್ತು, ಮತ್ತೆ ಶುಕ್ರವಾರ. ಮಂಗಳವಾರ, ಶುಕ್ರವಾರ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದೆಂದು ಸುಧಾಮಣಿಯ ಮನೆಯಲ್ಲಿ ಯಾರಿಗೂ ದುಡ್ಡು ಕೊಡುವುದಿಲ್ಲ. ಫೋನಿಗೂ ಅದನ್ನೇ ಪಾಲಿಸಿ, ಮರುದಿನ ಕಳಿಸಿದ್ದರು. ಪುಟ್ಟಮಾದಮ್ಮ ಹಿಂದಿನ ದಿನವೇ ತಂದುಕೊಟ್ಟಿದ್ದೂ ಅದೇ ಕಾರಣಕ್ಕೆ.

ಕೂಟದ ದಾಖಲೆ ನೋಡಿಕೊಳ್ಳುವ ಸಾಗರ್ ಇರುವುದು ಚಾಮರಾಜನಗರದಲ್ಲಿ. ಸುಧಾಮಣಿ ಫೋನ್ ಮಾಡಿದರು.

“ಅದೊಂದ್ ಮೂರು ಸಾಲು ಅಳ್ಸಾಕ್ಬುಡಪ್ಪ.”

“ಆಗಲ್ಲಕ್ಕ. ಯಾರ್ ಕೈಲೂ ಆಗಲ್ಲ. ಅದುಕ್ಕೇ ಅಲ್ವಾ ನೀವೆಲ್ಲ ಸೇರಿದ್ದು?”

“ನಿನ್ ಕಂಪ್ಯೂಟ್ರಿಗೆ ಶುಕ್ರವಾರ ಅಂದ್ರೇನು ಅಂತ್ಲೇ ಗೊತ್ತಿಲ್ವಲ್ಲೋ!”

“ಗೊತ್ತಿಲ್ಲ ಬುಡಿ. ಕೆಳಗಡೆ ಹೊಸ್ದಾಗಿ ಸೇರಿಸ್ಬೋದು, ದುಡ್ಡು ನಿಮ್ ಕೈಗೆ ಯಾವತ್ತು ಬಂತು ಅಂತ. ಆದ್ರೆ ತಪ್ಪು ನಿಮ್ ಹೆಸ್ರಿಗೆ ಬೀಳುತ್ತೆ. ಆರ್ ತಿಂಗ್ಳು ಸಾಕ್ಷಿ ನಿಲ್ಲಂಗಿಲ್ಲ. ಆಮೇಲೂ ಎಲ್ರಿಗೂ ಕಾಣ್ತಾನೇ ಇರುತ್ತೆ.”

ನಗದು ಪಡೆದಾಗ ಸುಧಾಮಣಿ ಚೀಟಿ ಕೊಟ್ಟಿರಲಿಲ್ಲ. ಅವರು ಸುಮ್ಮನಿದ್ದರೆ ಪುಟ್ಟಮಾದಮ್ಮನ ಮಾತಿಗೆ ಆಧಾರವೇ ಇರುತ್ತಿರಲಿಲ್ಲ. ಎರಡು ದಿನ ಸುಮ್ಮನೇ ಇದ್ದರು. ಮೂರನೆಯ ದಿನ ಕೊಕ್ಕೆ ಹಾಕುತ್ತಿದ್ದ ಬ್ಲೌಸನ್ನು ಬದಿಗಿಟ್ಟು ನಮೂದಿಸಿದರು: ‘ಈ ಮೂರು ಕಂತಿನ ಹಣ ಗಡುವಿಗೆ ಮೊದಲೇ ನನ್ನ ಕೈ ಸೇರಿತ್ತು. ಕಳಿಸದೆ ಇಟ್ಟುಕೊಂಡವಳು ನಾನು.’

ಪುಟ್ಟಮಾದಮ್ಮ ಅದನ್ನು ಓದಿಸಿಕೊಂಡು ಕೇಳಿದರು: “ಶುಕ್ರವಾರ ಅಂತ ಬರೀಬಾರ್ದಾಗಿತ್ತಾ? ಜನ ಅರ್ಥ ಮಾಡ್ಕೊಳ್ಳೋರು.”

“ಅದು ನಮ್ಮನೆ ವಿಚಾರ ಕಣಕ್ಕ. ದುಡ್ಡು ನಿಂದು.”

ಆ ವಾರವೇ ಗುಂಡ್ಲುಪೇಟೆಯ ಅರಿಶಿನ ವ್ಯಾಪಾರಿ ಗಂಗಾಧರಸ್ವಾಮಿ ಇಪ್ಪತ್ತೈದು ಸಾವಿರ ಕೊಟ್ಟರು. ಉಳಿದದ್ದನ್ನು ಇನ್ನಿಬ್ಬರು ತುಂಬಿದರು. ಆ ಸಾಲಕ್ಕೆ ಸಾಕ್ಷಿ ನಿಂತವರು ಕುದೇರಿನ ಮಹಾಲಕ್ಷ್ಮಮ್ಮ. ಸುಧಾಮಣಿ ಆಗಸ್ಟ್‌ವರೆಗೆ ಯಾರಿಗೂ ನಿಲ್ಲುವಂತಿಲ್ಲ. ಕೈತಪ್ಪಿದ ಎರಡು ಸಾವಿರಕ್ಕಾಗಿ ಶಾಲೆಯೊಂದರ ಸಮವಸ್ತ್ರ ಹೊಲಿಯಲು ಒಪ್ಪಿಕೊಂಡಿದ್ದಾರೆ.