ರುಚಿ ನೋಡದ ರಾಯರು

ರೈಲ್ವೆಯಿಂದ ನಿವೃತ್ತರಾದ, ಮಲ್ಕಾಜ್‌ಗಿರಿಯ ನಮ್ಮ ನೆರೆಯ ಜಯತೀರ್ಥರಾಯರಿಗೆ ದೇವರಿಲ್ಲ, ವಿಜ್ಞಾನವಿದೆ. ಬಸ್ಸಿನಲ್ಲಿ ಯಾರಾದರೂ ಮುದುಕಿಗೆ ಸೀಟು ಬಿಟ್ಟುಕೊಟ್ಟರೆ, "ಪುಣ್ಯ ಅಲ್ರಿ, ಅದು ಹುಟ್ಟಿನಿಂದ ಬಂದ ಜೀನು. ಮಂಗ್ಯಾಗೂ ಇಷ್ಟು ನೀತಿ ಇರ್ತದ" ಎನ್ನುತ್ತಾರೆ. ಪಾಪದ ಮಾತೆತ್ತಿದ ಪುರೋಹಿತರಿಗೆ ಚಿಂಪಾಂಜಿಗಳ ಕಥೆ ಹೇಳಿ ಅವರ ಕಾಫಿ ಆರಿಹೋಗುವಂತೆ ಮಾಡುತ್ತಾರೆ. ಹೆಂಡತಿ ಅಂಬುಬಾಯಿ ಹಾಸಿಗೆ ಹಿಡಿದ ಮೇಲೆ ಅಡಿಗೆಯೂ ಇವರದೇ. ನೈವೇದ್ಯಕ್ಕೆ ಮುಂಚೆ ರುಚಿ ನೋಡಿದ್ದನ್ನು ಆಕೆ ಉಣ್ಣುವುದಿಲ್ಲ. ಹಾಗಾಗಿ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಸಂಶಯದಲ್ಲಿ ಇವರು ಸಾರಿಗೆ ದಿನವೂ ಎರಡು ಸಲ ಹಾಕುತ್ತಾರೆ. ಒಂದು ದಿನ ಅವರ ಅಡಿಗೆಮನೆಯಲ್ಲಿ ನಿಂತು, "ಆಕಿ ಒಳಗ ಮಲಗ್ಯಾಳ, ನಿಮಗ ದೇವರಿಲ್ಲ. ಒಂದು ಹನಿ ನೆಕ್ಕಿ ನೋಡ್ರಿ" ಎಂದೆ. ರಾಯರು ಸೌಟಿನಿಂದ ಸಾರು ತಿರುವಿದರು. "ರುಚಿ ನೋಡೀರೇನಂತ ಆಕಿ ಒಂದು ದಿನಾನೂ ಕೇಳಿಲ್ರಿ" ಎಂದರು. ಆ ಹೊತ್ತು ಅವರಿಗೆ ಯಾವ ಮಂಗವೂ ನೆನಪಾಗಲಿಲ್ಲ.